ಕುರ್ಚಿ ಡೊಂಕು

ಜೂನ್ 3, ಸೋಮವಾರ

ನಿವೃತ್ತನಾಗಿ ಮೂರು ದಿನ. ಮೂವತ್ತೆಂಟು ವರ್ಷ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಜಾಬ್ ಕಾರ್ಡ್ ಬರೆದ ಕೈ ಸುಮ್ಮನಿರಲು ಒಪ್ಪುತ್ತಿಲ್ಲ, ಅದಕ್ಕೇ ಈ ಡೈರಿ. ಕಾರ್ಡಿನಲ್ಲಿ ಮೂರೇ ಕಾಲಂ ಇರುತ್ತಿದ್ದವು: ದೂರು, ಕಾರಣ, ಪರಿಹಾರ. ಅದನ್ನು ಬಿಟ್ಟು ಬೇರೇನೂ ಬರೆದು ಅಭ್ಯಾಸವಿಲ್ಲ. ನೋಡೋಣ.

ವರ್ಕ್‌ಶಾಪಿನವರೆಲ್ಲ ಸೇರಿ ಬೀಳ್ಕೊಡುಗೆಗೆ ಒಂದು ರೆಕಾರ್ಡ್ ಪ್ಲೇಯರ್, ಎರಡು ಸ್ಪೀಕರ್ ಪೆಟ್ಟಿಗೆ ಕೊಟ್ಟಿದ್ದಾರೆ. ಮುಚ್ಚಳಕ್ಕೆ ಹಿತ್ತಾಳೆಯ ತಗಡು ಬಡಿದು "ನಮ್ಮ ಕಿವಿಗೆ, ಪ್ರೀತಿಯಿಂದ" ಅಂತ ಕೆತ್ತಿಸಿದ್ದಾರೆ. ಹಿತ್ತಾಳೆ ಕಿವಿ ಅಂತ ಓದಿಕೊಳ್ಳುವವರು ಓದಿಕೊಳ್ಳಲಿ.

ಕಿವಿ ಅಂದರೆ ನಾನೇ. ಓಡುತ್ತಿರುವ ಎಂಜಿನ್ನಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಊರಿ, ಅದರ ಹಿಡಿಯನ್ನು ಎಡಗಿವಿಗೆ ಒತ್ತಿಕೊಂಡರೆ ಸಾಕು, ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವ್ ಸಡಿಲವಾಗಿದೆ ಅಂತ ಹೇಳಿಬಿಡುತ್ತಿದ್ದೆ. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ನನ್ನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಇಷ್ಟು ವರ್ಷ ಗದ್ದಲದಲ್ಲೇ ಬದುಕಿದೆ. ಇನ್ನು ದಿನಕ್ಕೊಂದು ಗಂಟೆ, ಬೆಳಿಗ್ಗೆ ಹತ್ತರಿಂದ ಹನ್ನೊಂದು, ಒಳ್ಳೆಯ ಕುರ್ಚಿಯಲ್ಲಿ ಕೂತು ಸಂಗೀತ ಕೇಳಬೇಕು. ಇದೊಂದೇ ಆಸೆ. ಇವತ್ತು ಪೆಟ್ಟಿಗೆಗಳನ್ನು ಕಿಟಕಿಯ ಗೋಡೆಗೆ ಇಟ್ಟು, ಊಟದ ಮೇಜಿನ ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ. ಹಾಡೆಲ್ಲ ಬಲಗಡೆಗೇ ವಾಲಿಕೊಂಡು ಬಂತು, ಎಡಗಡೆ ಖಾಲಿ. ವೈರು ಅದಲುಬದಲು ಮಾಡಿದೆ, ಹಾಗೇ. ಹತ್ತಿರ ಹೋಗಿ ಬಗ್ಗಿ ಕೇಳಿದರೆ ಎರಡು ಪೆಟ್ಟಿಗೆಯೂ ಹಾಡುತ್ತಿವೆ. ವೈರು ಸರಿ, ಪೆಟ್ಟಿಗೆ ಸರಿ, ರೆಕಾರ್ಡ್ ಸರಿ. ಇನ್ನು ಉಳಿದದ್ದು?

ದೂರು: ಹಾಡು ಬಲಕ್ಕೆ ವಾಲುತ್ತದೆ. ಕಾರಣ: ಕುರ್ಚಿ. ಪರಿಹಾರ: ಬೇರೆ ಕುರ್ಚಿ.

ಜೂನ್ 5, ಬುಧವಾರ

ಇವಳಿಗೆ ಕೋಪ. ತಪ್ಪು ನನ್ನದೇ ಇರಬಹುದು, ಆದರೆ ಇಷ್ಟೊಂದಾ?

ಶನಿವಾರ ಮೊದಲ ಸಲ ಪ್ಲೇಯರ್ ಹಾಕಿದಾಗ ಇವಳು ಟೀ ಹಿಡಿದುಕೊಂಡು ಬಲಗಡೆ ಬಂದು ನಿಂತಳು, ಬಾಯಲ್ಲಿ ಅದೇ ಹಾಡು. ಮದುವೆಯಾದಾಗಿನಿಂದ ಇವಳು ಗುನುಗುವುದು ಒಂದೇ ಹಾಡು. ಪ್ರತಿ ಸಲವೂ ಮೂರನೇ ಸಾಲಿನಲ್ಲಿ, ಅದೇ ಜಾಗದಲ್ಲಿ ತಪ್ಪುತ್ತಾಳೆ. "ಒಂದು ಗಂಟೆಯಾದ್ರೂ ನಿನ್ನ ಗುಂಯ್‌ಗುಂಯ್ ನಿಲ್ಲಿಸ್ತೀಯಾ? ಬೇಕಾದಷ್ಟು ಎಂಜಿನ್ ಸದ್ದು ಕೇಳಿದ್ದೀನಿ" ಅಂದುಬಿಟ್ಟೆ. "ಆಯ್ತು" ಅಂದಳು. ಮುಗಿಯಿತು. ಅವತ್ತಿನಿಂದ ಹಾಡಿಲ್ಲ.

ಇವಳು ಟೈಲರ್ ಅಂಗಡಿಗೆ ಕಾಜಾ, ಗುಂಡಿ ಹೊಲಿದುಕೊಡುತ್ತಾಳೆ. ಬೆಳಕು ಚೆನ್ನಾಗಿದೆ ಅಂತ ಅಡುಗೆಮನೆಯ ಬಾಗಿಲ ಹತ್ತಿರ, ನನ್ನ ಎಡಗಡೆ, ಸ್ಟೂಲ್ ಹಾಕಿಕೊಂಡು ಕೂರುತ್ತಾಳೆ. ತಲೆ ಬಗ್ಗಿಸಿ ಹೊಲಿಯುತ್ತಾಳೆ, ತುಟಿ ಪಿಟಕ್ಕೆನ್ನುವುದಿಲ್ಲ. ಮಾತೂ ಕಡಿಮೆ. ಊಟಕ್ಕೆ ಕೂತಾಗ ಏನೋ ಗೊಣಗುತ್ತಾಳೆ, ನಾನು "ಹೂಂ" ಅನ್ನುತ್ತೇನೆ. ಹೂಂ ಅನ್ನುವುದರಿಂದ ಯಾರಿಗೂ ನಷ್ಟವಿಲ್ಲ.

ಜೂನ್ 8, ಶನಿವಾರ

ಸೀಟು ಸಿಕ್ಕಿದ. ಸೀಟು ಅಂದರೆ ನಮ್ಮ ವರ್ಕ್‌ಶಾಪಿನಲ್ಲಿ ಬಸ್ಸಿನ ಸೀಟು ಹೊಲಿಯುತ್ತಿದ್ದವನು. ನನಗಿಂತ ಮೂರು ವರ್ಷ ಮೊದಲು ನಿವೃತ್ತನಾಗಿ, ಈಗ ಹಳೇ ಕುರ್ಚಿ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನದೊಂದು ವಿದ್ಯೆ ಇತ್ತು. ಡ್ರೈವರ್ ಸೀಟಿನ ಮೆತ್ತೆ ಎಲ್ಲಿ ತಗ್ಗಿದೆ ಅಂತ ನೋಡಿ, "ಈತನಿಗೆ ಬಲ ಮಂಡಿ ನೋವು", "ಈತ ಹೆಂಡತಿ ಜೊತೆ ಜಗಳ ಆಡಿದ ದಿನ ಮುಂದಕ್ಕೆ ಬಾಗಿ ಓಡಿಸ್ತಾನೆ" ಅಂತ ಹೇಳುತ್ತಿದ್ದ. ಮೊದಲನೆಯದು ಯಾವಾಗಲೂ ನಿಜವಾಗುತ್ತಿತ್ತು. ಎರಡನೆಯದನ್ನು ಯಾರೂ ಒಪ್ಪುತ್ತಿರಲಿಲ್ಲ.

"ಏನಯ್ಯಾ ಕಿವಿ, ಸಂಗೀತ ಕೇಳೋಕೆ ಕುರ್ಚಿ ಬೇಕಾ? ಕಿವಿ ಸಾಲದಾ?" ಅಂದ.

"ತಮಾಷೆ ಸಾಕು. ಬೆನ್ನು ನೋಯಬಾರದು, ಹಾಡು ನೆಟ್ಟಗೆ ಬರಬೇಕು. ಅಂಥದ್ದು ಕೊಡು."

"ಹಾಡು ನೆಟ್ಟಗೆ ಬರೋ ಕುರ್ಚಿ ನಾನಂತೂ ಹೊಲಿದಿಲ್ಲ. ತಗೊಂಡು ಹೋಗು, ಸರಿಹೋಗ್ಲಿಲ್ಲ ಅಂದ್ರೆ ವಾಪಸ್ ತಾ."

ಕ್ಯಾನ್‌ವಾಸಿನ ಆರಾಮ ಕುರ್ಚಿ ತಂದೆ.

ಜೂನ್ 10, ಸೋಮವಾರ

ಆರಾಮ ಕುರ್ಚಿ ವಾಪಸ್. ಎರಡು ದಿನವೂ ಮೊದಲನೇ ಹಾಡು ಮುಗಿಯುವ ಮೊದಲೇ ಗೊರಕೆ. ಕುರ್ಚಿಯಲ್ಲಿ ದೋಷವಿಲ್ಲ, ಆದರೆ ಅದು ಸಂಗೀತದ ಕುರ್ಚಿಯಲ್ಲ, ಮಧ್ಯಾಹ್ನದ ಕುರ್ಚಿ.

ಜೂನ್ 13, ಗುರುವಾರ

ಈಗ ತಂದಿರುವುದು ದೊಡ್ಡ ಮನುಷ್ಯರ ಕುರ್ಚಿ. ಎತ್ತರದ ಬೆನ್ನು, ಒಳ್ಳೆಯ ಸ್ಪ್ರಿಂಗು, ತಲೆಯ ಎರಡೂ ಪಕ್ಕಕ್ಕೆ ಮೆತ್ತನೆಯ ರೆಕ್ಕೆ. ಕೂತರೆ ಎದ್ದೇಳಲು ಮನಸ್ಸಾಗುವುದಿಲ್ಲ, ನಿದ್ದೆಯೂ ಬರುವುದಿಲ್ಲ. ಸೊಂಟ ಎಷ್ಟೋ ವರ್ಷಗಳ ಮೇಲೆ "ಅಬ್ಬಾ" ಅಂದಿತು.

ಆದರೆ ಹಾಡು? ಎಡಗಡೆಯಿಂದ ಬರುವುದೆಲ್ಲ ಕಂಬಳಿ ಹೊದ್ದುಕೊಂಡು ಬರುತ್ತದೆ. ರೆಕ್ಕೆ ಅಡ್ಡ ಬರುತ್ತಿದೆ, ಅನುಮಾನವೇ ಇಲ್ಲ. ಕೂಡಲೇ ಆಟೋದಲ್ಲಿ ಹೇರಿಕೊಂಡು ಸೀಟುವಿನ ಅಂಗಡಿಗೆ ಹೋದೆ. "ಈ ಎಡ ರೆಕ್ಕೆ ಬಿಚ್ಚಿಬಿಡು."

"ಎಡಗಡೇದು ಮಾತ್ರವಾ?"

"ಬಲಗಡೆಯದು ಏನೂ ತೊಂದರೆ ಕೊಡ್ತಿಲ್ಲ. ಅದನ್ನ ಯಾಕೆ ಬಿಚ್ಚಬೇಕು?"

ಸೀಟು ಸೂಜಿ ಬಾಯಲ್ಲಿ ಕಚ್ಚಿಕೊಂಡು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಸ್ಪ್ಯಾನರ್ ತಗೊಂಡು ಬಿಚ್ಚಿದ, ಬಟ್ಟೆ ಮಡಿಚಿ ಹೊಲಿದ. ಸಾಯಂಕಾಲ ಒಂದೇ ರೆಕ್ಕೆಯ ಕುರ್ಚಿ ಮನೆಗೆ ಬಂತು. ಇವಳು ಎದುರಿಗೆ ನಿಂತು, "ಇದೇನ್ರೀ, ಹಾರೋಕೆ ಹೋಗಿ ಬಿದ್ದ ಹಾಗಿದೆ!" ಅಂದಳು. ನಗು ಬಂತು, ತಡೆದುಕೊಂಡೆ. ರಾಜಿಗೆ ನಾನೇ ಮೊದಲು ಹೋಗಬೇಕಾ?

ಜೂನ್ 17, ಸೋಮವಾರ

ರೆಕ್ಕೆ ಹೋದರೂ ಕಂಬಳಿ ಹೋಗಲಿಲ್ಲ. ಸದ್ದು ಹೆಚ್ಚಿಸಿದರೆ ಸ್ವಲ್ಪ ವಾಸಿ. ಹೆಚ್ಚಿಸಿದೆ. ಕಣ್ಣು ತೆರೆದು ನೋಡಿದರೆ ಇವಳು ಕಿವಿಗೆ ಹತ್ತಿ ಇಟ್ಟುಕೊಂಡು ಕಾಜಾ ಹೊಲಿಯುತ್ತಿದ್ದಾಳೆ! ಬಾಯಿಬಿಟ್ಟು ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಜೂನ್ 19, ಬುಧವಾರ

ಹಾಡಿನ ಮಧ್ಯೆ ಇವಳು ಎದುರಿಗೆ ಬಂದು ನಿಂತು, "ಏನ್ರೀ, ನನ್ನ ಮೇಲೆ ಕಾವಲಾ? ಅರ್ಧ ಗಂಟೆಯಿಂದ ನನ್ನ ಕಡೆಗೇ ತಿರುಗಿ ಕೂತಿದ್ದೀರಲ್ಲ" ಅಂದಳು.

ನೋಡಿಕೊಂಡೆ. ಹೌದು, ಪೆಟ್ಟಿಗೆಯ ಕಡೆಗೆ ಬಲ ಭುಜ ಕೊಟ್ಟು, ಎಡಕ್ಕೆ ತಿರುಗಿ ವಾಲಿದ್ದೆ. ನೆಟ್ಟಗೆ ಕೂತು ಶುರು ಮಾಡಿದ್ದು ಚೆನ್ನಾಗಿ ನೆನಪಿದೆ. "ಕುರ್ಚಿ ಡೊಂಕು. ನಾನೇನು ಮಾಡಲಿ" ಅಂದೆ. ಇವಳು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. ಆಮೇಲೆ ಸ್ಟೂಲಿಗೆ ಹೋಗಿ ಕೂತಳು, ಮತ್ತೆ ಮೌನ.

ಸೀಟುಗೆ ಹೇಳಬೇಕು, ಮುಂದಿನ ಎಡಗಾಲು ಗಿಡ್ಡ ಇರಬೇಕು.

ಜೂನ್ 21, ಶುಕ್ರವಾರ

ಅಳತೆ ಹಿಡಿದು ನೋಡಿದೆ. ನಾಲ್ಕು ಕಾಲೂ ಒಂದೇ ಉದ್ದ.

ಜೂನ್ 22, ಶನಿವಾರ

ಇವಳ ಮಾತು ಇಲ್ಲಿ ಬರೆದಿಡುತ್ತೇನೆ, ಮುಂದೆ ನ್ಯಾಯ ಮಾಡುವವರು ಮಾಡಲಿ. ಊಟಕ್ಕೆ ಕೂತಿದ್ದೆವು. ಇವಳು ಎಂದಿನಂತೆ ನನ್ನ ಎಡಕ್ಕೆ. ಇದ್ದಕ್ಕಿದ್ದಂತೆ ತಟ್ಟೆ ಸರಿಸಿ ಎದ್ದು ನಿಂತು, "ನಿಮ್ಮ ಹತ್ರ ಮಾತಾಡೋದೂ ಒಂದೇ, ಈ ಗೋಡೆ ಹತ್ರ ಮಾತಾಡೋದೂ ಒಂದೇ!" ಅಂದಳು.

ಮೂರು ವಾರದಿಂದ ತಾನು ಬಾಯಿಗೆ ಬೀಗ ಹಾಕಿಕೊಂಡು, ಈಗ ನನ್ನನ್ನು ಗೋಡೆ ಅನ್ನುತ್ತಾಳೆ! ಕಣ್ಣಲ್ಲಿ ನೀರಿತ್ತು. ಯಾಕೆ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ.

ಜೂನ್ 24, ಸೋಮವಾರ

ಹೋದಳು.

ಹತ್ತು ಗಂಟೆಗೆ ಪ್ಲೇಯರ್ ಹಾಕಲು ಬಂದರೆ ಇವಳು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. "ಎಲ್ಲಿಗೆ?" ಅಂದೆ.

"ಎಲ್ಲಿಗೆ ಅಂತೀರಲ್ಲ! ಅಕ್ಕನ ಮನೆಗೆ. ಮೂರು ಸಲ ಹೇಳಿದೆ, ಮೂರು ಸಲವೂ ಹೂಂ ಅಂದ್ರಿ."

ದೇವರಾಣೆಗೂ ಒಂದು ಸಲವೂ ಹೇಳಿಲ್ಲ. ಆದರೆ ಇವಳು ಸುಳ್ಳು ಹೇಳುವವಳಲ್ಲ, ಅದೇ ಕಷ್ಟ. ಯಾವಾಗ ಬರುತ್ತೀಯ ಅಂತ ಕೇಳುವಷ್ಟರಲ್ಲಿ ಆಟೋ ಬಂತು. ಹತ್ತುತ್ತಾ ಏನೋ ಹೇಳಿದಳು, ಆಟೋ ಸದ್ದಿನಲ್ಲಿ ಗೊತ್ತಾಗಲಿಲ್ಲ. ನಾನು ಹೂಂ ಅಂದೆ.

ಜೂನ್ 25, ಮಂಗಳವಾರ

ಮನೆ ಪೂರ್ತಿ ನನ್ನದು. ಮಾತಿಲ್ಲ, ಹತ್ತಿ ಇಲ್ಲ. ಒಂದು ಗಂಟೆ ಕೂತೆ. ಏನು ಕೇಳಿದೆನೋ ನೆನಪಿಲ್ಲ.

ಸ್ಟೂಲಿನ ಕೆಳಗೆ ನೀಲಿ ಗುಂಡಿಯೊಂದು ಬಿದ್ದಿತ್ತು. ಎತ್ತಿ ಪ್ಲೇಯರಿನ ಮುಚ್ಚಳದ ಮೇಲೆ ಇಟ್ಟಿದ್ದೇನೆ.

ಜೂನ್ 27, ಗುರುವಾರ

ನನ್ನ ಜಾಗಕ್ಕೆ ಬಂದ ಫೋರ್‌ಮನ್ ಫೋನ್ ಮಾಡಿದ. ಒಂದು ಎಂಜಿನ್ ಬಗ್ಗೆ ಅನುಮಾನ, ಬಂದು ಕೇಳಬೇಕಂತೆ. ಸತ್ಯ ಹೇಳುತ್ತೇನೆ, ಕುಣಿದುಕೊಂಡು ಹೋದೆ. ಎಲ್ಲರೂ ಸುತ್ತ ನಿಂತರು. ಸ್ಕ್ರೂಡ್ರೈವರ್ ಊರಿ ಎಡಗಿವಿಗೆ ಇಟ್ಟೆ. ಶಾಂತವಾಗಿತ್ತು.

"ಬೇರಿಂಗ್ ಬೆಣ್ಣೆ ಹಾಗಿದೆ. ಕಳಿಸು" ಅಂದೆ.

"ಸರ್, ನನಗೇನೋ ಸಣ್ಣ ಸದ್ದು ಬಂದ ಹಾಗಿತ್ತು..."

"ನೀನು ಕೆಲಸಕ್ಕೆ ಸೇರಿ ಎಷ್ಟು ವರ್ಷ ಆಯ್ತಪ್ಪ?" ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ, ಬಸ್ಸು ಕಳಿಸಿದ.

ಇವಳಿದ್ದಿದ್ದರೆ ಹೇಳಬಹುದಿತ್ತು.

ಜೂನ್ 29, ಶನಿವಾರ

ಸೀಟು ತಾನಾಗಿಯೇ ಮನೆಗೆ ಬಂದ. ಕೂರಲಿಲ್ಲ. "ನೀನು ಪಾಸ್ ಮಾಡಿದ ಬಸ್ಸು ನಿನ್ನೆ ಅರ್ಧ ದಾರೀಲಿ ಎಂಜಿನ್ ಕಚ್ಚಿಕೊಂಡು ನಿಂತಿತಂತೆ. ಬೇರಿಂಗ್ ಪುಡಿಪುಡಿ. ಯಾರಿಗೂ ಏನೂ ಆಗಿಲ್ಲ. ಫೋರ್‌ಮನ್ ನಿನಗೆ ಹೇಳಬೇಡ ಅಂದ, ಅದಕ್ಕೇ ಹೇಳೋಕೆ ಬಂದೆ."

ಡಿಪೋದಲ್ಲಿ ಗದ್ದಲ ಇತ್ತು, ಸ್ಕ್ರೂಡ್ರೈವರ್ ಹೊಸದು, ಏನೇನೋ ಹೇಳಿದೆ. ಅವನು ಕೇಳುತ್ತಲೇ ನನ್ನ ಕುರ್ಚಿಯ ಮೆತ್ತೆ ಎತ್ತಿ, ಬೆಳಕಿಗೆ ಹಿಡಿದು, ಬೆರಳಿನಿಂದ ಒತ್ತಿ ನೋಡುತ್ತಿದ್ದ. ಆಮೇಲೆ ಮೆತ್ತೆ ಇಟ್ಟು ನನ್ನ ಪಕ್ಕಕ್ಕೆ ಬಂದು ನಿಂತ. ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದಿನಿಂದ ಬಳಸಿ ಬಲಗಡೆಗೆ ಬಂದ.

"ನಿನ್ನಂಥ ಮೊಂಡನ್ನ ನಾನು ನೋಡಿಲ್ಲ" ಅಂದ.

"ಯಾಕೆ ಬೈತೀಯ?"

"ಆ ಕಡೆ ನಿಂತು ಇದನ್ನೇ ನಾಲ್ಕು ಸಲ ಹೇಳಿದೆ ಕಣೋ."

ಅವನು ಮೆತ್ತೆ ತೋರಿಸಿದ. ಎಡಗಡೆ ಮಾತ್ರ ತಗ್ಗು ಬಿದ್ದಿತ್ತು, ಬಲಗಡೆ ಹೊಸದರ ಹಾಗಿತ್ತು. "ದಿನಾ ಎಡಕ್ಕೆ ತಿರುಗಿ, ಬಲಗಿವಿ ಮುಂದೆ ಮಾಡ್ಕೊಂಡು ಕೂತಿದ್ದೀಯ. ರೆಕ್ಕೆ ಬಿಚ್ಚಿಸಿದ ದಿನವೇ ಅನುಮಾನ ಬಂತು. ಹೇಳೋಕೆ ಧೈರ್ಯ ಬರಲಿಲ್ಲ, ಕಿವಿಗೆ ಕಿವಿ ಕೇಳಲ್ಲ ಅಂತ ಯಾರು ಹೇಳ್ತಾರೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕುರ್ಚಿ ಡೊಂಕಲ್ಲ ಕಣಯ್ಯಾ, ಕೂತವನು ಡೊಂಕು."

ಅವನು ಹೋದ ಮೇಲೆ ಬಹಳ ಹೊತ್ತು ನಿಂತೇ ಇದ್ದೆ. ವೈರು, ಪೆಟ್ಟಿಗೆ, ರೆಕಾರ್ಡು, ಕುರ್ಚಿಯ ಕಾಲು, ಎಲ್ಲ ಪರೀಕ್ಷೆ ಮಾಡಿದೆ. ಒಂದೇ ಒಂದು ಭಾಗ ಬಿಟ್ಟೆ.

ಜುಲೈ 2, ಮಂಗಳವಾರ

ಸೀಟು ಜೊತೆಗೇ ಬಂದ, ಇಲ್ಲದಿದ್ದರೆ ನಾನು ಅರ್ಧ ದಾರಿಗೇ ವಾಪಸ್ ಬರುತ್ತಿದ್ದೆ. ಕಿವಿ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕಿವಿಗೆ ಯಂತ್ರ ಹಾಕಿ, ಸದ್ದು ಬಂದಾಗ ಗುಂಡಿ ಒತ್ತಿ ಅಂದರು. ಬಲಗಿವಿಗೆ ಹಾಕಿದಾಗ ಒತ್ತಿದೆ. ಎಡಗಿವಿಗೆ ಹಾಕಿದಾಗ ಇನ್ನೂ ಶುರುವಾಗಿಲ್ಲವೇನೋ ಅಂತ ಕಾಯುತ್ತಾ ಕೂತಿದ್ದೆ. ಅವರು ಯಂತ್ರ ತೆಗೆದು, "ಮುಗೀತು" ಅಂದರು.

ನರ ಸವೆದಿದೆಯಂತೆ. ಎಷ್ಟೋ ವರ್ಷದಿಂದ ಸ್ವಲ್ಪಸ್ವಲ್ಪವಾಗಿ. "ಯಾವ ಕೆಲಸದಲ್ಲಿದ್ರಿ?" ಅಂತ ಕೇಳಿದರು. ಸ್ಕ್ರೂಡ್ರೈವರಿನ ಕಥೆ ಹೇಳಿದೆ. "ಯಾವ ಕಿವಿಗೆ ಇಡ್ತಿದ್ರಿ?" ಅಂದರು. ಎಡಗಿವಿ ಮುಟ್ಟಿ ತೋರಿಸಿದೆ. ಹೋದದ್ದು ವಾಪಸ್ ಬರುವುದಿಲ್ಲ, ಬಲಗಿವಿಯನ್ನು ಜೋಪಾನ ಮಾಡಿ, ಜೋರು ಸದ್ದು ಬೇಡ ಅಂದರು.

ಅತ್ತುಬಿಟ್ಟೆ. ಇದನ್ನು ಇಲ್ಲಿ ಮಾತ್ರ ಬರೆಯಬಹುದು. ಹೊರಗೆ ಬೆಂಚಿನ ಮೇಲೆ ಕೂತು ಅತ್ತೆ. ಸೀಟು ರಸ್ತೆ ನೋಡುತ್ತಾ ನಿಂತಿದ್ದ.

ಜುಲೈ 3, ಬುಧವಾರ

ಫೋನನ್ನು ಬಲಗಿವಿಗೆ ಇಟ್ಟುಕೊಂಡು ಅಕ್ಕನ ಮನೆಗೆ ಮಾಡಿದೆ. ಇವಳ ದನಿ ಇಷ್ಟು ಸ್ಪಷ್ಟವಾಗಿ ಕೇಳಿ ಎಷ್ಟು ಕಾಲವಾಗಿತ್ತೋ.

"ಯಾವಾಗ ಬರ್ತೀಯ?"

"ಆಟೋ ಹತ್ತುವಾಗ ಹೇಳಿದ್ನಲ್ಲ. ಅಕ್ಕನ ಕಣ್ಣಿನ ಪೊರೆ ಆಪರೇಷನ್, ಕಟ್ಟು ಬಿಚ್ಚಿದ ಮೇಲೆ ಮುಂದಿನ ವಾರದ ಶುಕ್ರವಾರ ಬರ್ತೀನಿ ಅಂತ."

ಅಕ್ಕನಿಗೆ ಆಪರೇಷನ್ ಅಂತಲೇ ನನಗೆ ಗೊತ್ತಿರಲಿಲ್ಲ. ಹತ್ತು ದಿನದಿಂದ ನನ್ನನ್ನು ಬಿಟ್ಟು ಹೋದಳು ಅಂದುಕೊಂಡು ಒದ್ದಾಡುತ್ತಿದ್ದೆ.

"ಕೇಳಿಸಲಿಲ್ಲ" ಅಂದೆ.

ಇವಳು ನಿಧಾನವಾಗಿ ಕೇಳಿದಳು: "ಕೇಳಿಸಲಿಲ್ವಾ? ಕೇಳಲಿಲ್ವಾ?"

ಹೇಳಿಬಿಡಬೇಕು ಅಂತ ಬಾಯಿ ತೆರೆದೆ. "ಲೈನ್ ಸರಿಯಿಲ್ಲ" ಅಂದು ಇಟ್ಟುಬಿಟ್ಟೆ. ಹೇಡಿ.

ಜುಲೈ 5, ಶುಕ್ರವಾರ

ಬಂದಳು. ಕೈಯಿಂದ ಚೀಲ ತಗೊಂಡೆ. ಟೀ ನಾನೇ ಮಾಡಿದೆ, ಮೇಜಿಗೆ ತಂದಿಟ್ಟು, ನನ್ನ ಜಾಗ ಬಿಟ್ಟು ಮೇಜಿನ ಆ ಕಡೆ ಹೋಗಿ ಕೂತೆ, ಇವಳು ಬಲಕ್ಕೆ ಬರುವ ಹಾಗೆ.

"ಯಾಕ್ರೀ ಅಲ್ಲಿ?"

"ಕೇಳಿಸಲಿಲ್ಲ" ಅಂದೆ. "ಅವತ್ತು ನೀನು ಫೋನಲ್ಲಿ ಕೇಳಿದ್ದಕ್ಕೆ ಉತ್ತರ. ಈ ಕಿವಿ ಹೋಗಿದೆ. ಡಾಕ್ಟರೂ ಹೇಳಿದರು. ಬಸ್ಸೊಂದು ನನ್ನಿಂದ ಕೆಟ್ಟು ನಿಂತಿತು."

ಇವಳು ಲೋಟ ಕೆಳಗಿಟ್ಟಳು. ಮೊದಲು ಬಂದದ್ದು ಕೋಪ. "ಇದನ್ನ ಹೇಳೋಕೆ ಏನ್ರೀ ಧಾಡಿ ನಿಮಗೆ? ಒಂದು ತಿಂಗಳಿಂದ ನಾನು ಬೇಡವಾದೆ ಅಂದ್ಕೊಂಡಿದ್ದೀನಿ! ಮನೇಲಿ ಕೂತ ಮೇಲೆ ನನ್ನ ಮುಖ ಕಂಡ್ರೆ ಆಗ್ತಿಲ್ಲ, ನಾನು ಏನು ಹೇಳಿದ್ರೂ ಬರೀ ಹೂಂ ಅಂತ ಅಕ್ಕನ ಹತ್ರ ಅತ್ತೆ. ಆ ಕಟ್ಟು ಕಟ್ಟಿಕೊಂಡ ಕಣ್ಣಲ್ಲಿ ಅವಳೂ ಅತ್ತಳು!"

"ನನಗೇ ಗೊತ್ತಿರಲಿಲ್ಲ ಕಣೇ. ನೀನೇ ಮಾತು ಬಿಟ್ಟಿದ್ದೀಯ ಅಂದ್ಕೊಂಡಿದ್ದೆ."

"ನಾನಾ? ಮಾತು ಬಿಡೋದಾ?" ಅಂದಳು. ಆ ಅನುಮಾನ ನನಗೆ ಹೇಗೆ ಬಂತೋ, ಈಗ ಯೋಚಿಸಿದರೆ ನಗು ಬರುತ್ತದೆ. ಇವಳು ಎದ್ದು ಬಂದು ನನ್ನ ಎಡಗಿವಿಯನ್ನು ಎರಡು ಬೆರಳಲ್ಲಿ ಹಿಡಿದು, ಹಿಂಡುವ ಹಾಗೆ ಮಾಡಿ, ಹಿಂಡದೆ ಬಿಟ್ಟಳು. ಕಣ್ಣೊರೆಸಿಕೊಂಡು, "ಅಕ್ಕನಿಗೆ ಕಣ್ಣು ಬಂತು, ನಿಮಗೆ ಕಿವಿ ಹೋಯ್ತು. ನಮ್ಮ ಮನೆ ಲೆಕ್ಕ ಸರಿಹೋಯ್ತು ಬಿಡಿ" ಅಂದಳು.

ಜುಲೈ 7, ಭಾನುವಾರ

ಡಿಪೋಗೆ ಹೋಗಿ ಫೋರ್‌ಮನ್ನಿಗೆ ಹೇಳಿ ಬಂದೆ, ಎಲ್ಲರ ಎದುರಿಗೇ: "ಅವತ್ತು ನಿನಗೆ ಕೇಳಿಸಿದ್ದೇ ಸರಿ." ನನ್ನ ಸ್ಕ್ರೂಡ್ರೈವರನ್ನು ಅವನಿಗೇ ಕೊಟ್ಟೆ. ಎರಡು ಕಿವಿಗೂ ಬದಲಾಯಿಸಿ ಬದಲಾಯಿಸಿ ಇಡು ಅಂದೆ. ಆಮೇಲೆ, ಬೇಡ, ಯಾವುದಕ್ಕೂ ಇಡಬೇಡ, ಬಿಚ್ಚಿ ನೋಡು ಅಂದೆ.

ಜುಲೈ 8, ಸೋಮವಾರ

ಬೆಳಿಗ್ಗೆ ಸೀಟು ಬಂದ, ಕಂಕುಳಲ್ಲಿ ಬಿಚ್ಚಿದ್ದ ಎಡ ರೆಕ್ಕೆ. ಎಸೆದಿರಲಿಲ್ಲವಂತೆ. "ಅವತ್ತು ತಪ್ಪು ರೆಕ್ಕೆ ಬಿಚ್ಚಿಸಿದೆ ಕಣಯ್ಯಾ" ಅಂದು, ಎಡಗಡೆಯದನ್ನು ಕೂರಿಸಿ ಬಲಗಡೆಯದನ್ನು ಬಿಚ್ಚಿದ. ಕುರ್ಚಿಯನ್ನು ಕಾಲು ಸುತ್ತು ಎಡಕ್ಕೆ ತಿರುಗಿಸಿ ಇಟ್ಟ. ಪೆಟ್ಟಿಗೆಗಳೆರಡೂ ಈಗ ಬಲಗಿವಿಯ ಕಡೆ. ಎದುರಿಗೆ ಅಡುಗೆಮನೆಯ ಬಾಗಿಲು, ಸ್ಟೂಲು, ಇವಳು. "ಈಗ ಕೂತು ನೋಡು" ಅಂದು ಟೀ ಕುಡಿದು ಹೊರಟ.

ಹತ್ತು ಗಂಟೆಗೆ ಕೂತೆ. ಇವಳು ಒಂದು ಕಾಜಾ ಮುಗಿಸಿ ದಾರ ಕಚ್ಚಿ ಕತ್ತರಿಸಿದಳು, ಸೂಜಿಗೆ ಹೊಸ ದಾರ ಪೋಣಿಸಿದಳು. ತುಟಿ ಅಲ್ಲಾಡಿತು. ಮೊದಲು ಕಂಡಿತು, ಆಮೇಲೆ ಕೇಳಿಸಿತು. ಅದೇ ಹಾಡು.

"ಮತ್ತೆ ಶುರು ಮಾಡಿದೆಯಾ?" ಅಂದೆ.

"ಏನನ್ನ?"

"ಹಾಡನ್ನ. ತಿಂಗಳ ಮೇಲಾಯ್ತಲ್ಲ ನಿಲ್ಲಿಸಿ."

ಸೂಜಿ ನಿಂತಿತು. "ನಾನೆಲ್ಲಿ ನಿಲ್ಲಿಸಿದೆ? ಅವತ್ತೊಂದು ದಿನ ಸುಮ್ಮನಿದ್ದೆ ಅಷ್ಟೆ. ಮರುದಿನದಿಂದ ಇಲ್ಲೇ ಕೂತು ದಿನಾ ಹಾಡಿದ್ದೀನಿ. ನೀವು ಬೈಯಲಿಲ್ಲ. ಮಾತಿಗೆ ಉತ್ತರ ಕೊಡದಿದ್ರೂ ಹಾಡಿಗೆ ಬೈಯಲ್ವಲ್ಲ, ಪಾಪ, ಅಷ್ಟಾದ್ರೂ ಮೆತ್ತಗಾಗಿದ್ದಾರೆ ಅಂದ್ಕೊಂಡೆ."

ದಿನಾ ಹಾಡಿದ್ದಾಳೆ. ದಿನಾ.

"ಮತ್ತೆ ಯಾಕೆ ನಿಲ್ಲಿಸಿದೆ ಈಗ? ಹಾಡು" ಅಂದೆ.

"ನಿಮ್ಮ ಒಂದು ಗಂಟೆ?"

"ಹಾಡು ಅಂದ್ನಲ್ಲ."

ಹಾಡಿದಳು. ಮೂರನೇ ಸಾಲಿನಲ್ಲಿ, ಅದೇ ಜಾಗದಲ್ಲಿ ತಪ್ಪಿದಳು.

ದೂರು: ಮನೆಯಲ್ಲಿ ಹಾಡು ನಿಂತಿದೆ. ಕಾರಣ: ಹಾಡು ನಿಂತಿರಲಿಲ್ಲ. ಪರಿಹಾರ: ಕುರ್ಚಿ ಎಡಕ್ಕೆ ಕಾಲು ಸುತ್ತು.

ಹನ್ನೊಂದು ಹೊಡೆದ ಮೇಲೆ ಎದ್ದೆ. ಪ್ಲೇಯರ್ ನಿಲ್ಲಿಸಲು ಹೋದಾಗ ಮುಚ್ಚಳದ ಮೇಲೆ ನೀಲಿ ಗುಂಡಿ ಇಟ್ಟಲ್ಲೇ ಇತ್ತು. ಪ್ಲೇಯರ್ ಹಾಕಿಯೇ ಇರಲಿಲ್ಲ.